ಇಲ್ಲದ ಊರಿನ ಜತೆಪುಸ್ತಕ, ಇರುವ ಊರಿನ ಲೆಕ್ಕ

ಕಾದಂಬರಿ ಅನ್ನುವಷ್ಟು ದೊಡ್ಡದಲ್ಲ, ಕಥೆ ಅನ್ನುವಷ್ಟು ಚಿಕ್ಕದೂ ಅಲ್ಲ. ನಾನು ಬರೆದದ್ದು ನೂರು ಚಿಲ್ಲರೆ ಪುಟದ, ಪೂರ್ತಿ ಕಲ್ಪನೆಯ ಕಿರುಕಾದಂಬರಿ. ಅದರಲ್ಲಿ ಉಪ್ಪುಗೋಡಿ ಅಂತೊಂದು ಬಂದರು. ಇಳಿತದ ಹೊತ್ತಿಗೆ ಅಲ್ಲಿ ಹೊಳೆಯ ತಳದಿಂದ ಒಂದು ಪೇಟೆ ಏಳುತ್ತದೆ. ಉಬ್ಬರ ಬರುವುದರೊಳಗೆ ವ್ಯಾಪಾರ ಮುಗಿಸಿ ದಡ ಸೇರಬೇಕು. ನಾಣ್ಯ ನಡೆಯುವುದಿಲ್ಲ, ಕಾಳುಮೆಣಸು ನಡೆಯುತ್ತದೆ. ಹೊರಗಿನಿಂದ ಬಂದವರು ಸುಂಕದಕಟ್ಟೆಯಲ್ಲಿ ತಮ್ಮದೊಂದು ನೆನಪು ಬಿಟ್ಟರೇ ಒಳಗೆ ಪ್ರವೇಶ. ತಾರಿ, ಅಂದರೆ ಹೊಳೆ ದಾಟಿಸುವ ದೋಣಿ, ನಡೆಸುವ ಹುಡುಗಿಯೊಬ್ಬಳು ಆ ನೆನಪುಗಳ ಉಗ್ರಾಣಕ್ಕೆ ಕನ್ನ ಹಾಕುತ್ತಾಳೆ. ಕಥೆ ಇಷ್ಟೇ.

ಓದಿದವರು ಕೇಳಿದ್ದೂ ಇಷ್ಟೇ: “ಇದು ನಮ್ಮ ಕಾರವಾರವೇ ಅಲ್ವಾ?” ಕೆಲವರು ಮುಂದೆ ಹೋಗಿ ಪಟ್ಟಿಯನ್ನೇ ಕೊಟ್ಟರು. ಗುಡ್ಡದ ಕೋಟೆ ಸದಾಶಿವಗಡ, ನಡೆಯುವ ದ್ವೀಪ ಕೂರ್ಮಗಡ, ಮರಳಲ್ಲಿ ಅಲೆಯುವ ಕವಿ ಟಾಗೋರ್. ಶಿರಸಿಯಲ್ಲಿರುವ ನನ್ನ ಪ್ರಕಾಶಕರಿಗೆ ಈ ಪ್ರಶ್ನೆಗಳಲ್ಲಿ ವ್ಯಾಪಾರ ಕಂಡಿತು. ಅದರಲ್ಲಿ ತಪ್ಪೇನೂ ಇಲ್ಲ ಬಿಡಿ, ಪುಸ್ತಕ ಮಾರುವುದೇ ಅವರ ಕೆಲಸ.

“ಎರಡನೇ ಮುದ್ರಣದ ಸಂಗಡ ಒಂದು ಸಣ್ಣ ಪುಸ್ತಕ ಕೊಡುವಾ ಮಾರಾಯ್ತಿ. ಎಡಗಡೆ ನಿನ್ನ ಕಥೆಯ ಜಾಗ, ಬಲಗಡೆ ನಿಜವಾದ ಜಾಗ. ಜತೆಗೊಂದು ನಕಾಶೆ. ಮೂವತ್ತೆರಡು ಪುಟ. ಹದಿನೈದು ದಿನದ ಕೆಲಸ” ಅಂದರು ಫೋನಿನಲ್ಲಿ.

ಪುಸ್ತಕ ಮಾಡುವುದಕ್ಕೆ ಒಪ್ಪಿದೆ. ಎಡಗಡೆ ಬಲಗಡೆಗೆ ಒಪ್ಪಲಿಲ್ಲ. ಹಾಗೆ ಬರೆದರೆ ಅದು ಪರೀಕ್ಷೆ ಮುಗಿದ ಮೇಲೆ ಅಂಟಿಸುವ ಉತ್ತರಪಟ್ಟಿ. ಓದುಗ ಒಂದು ಸಾಲು ನೋಡಿ, ಓ ಇದು ಅದು ಅಂದುಕೊಂಡು ಎರಡನ್ನೂ ಮುಚ್ಚಿಡುತ್ತಾನೆ. ಅದಕ್ಕಿಂತ ದೊಡ್ಡ ತಕರಾರು ಇನ್ನೊಂದಿತ್ತು. ಉಪ್ಪುಗೋಡಿಯ ಯಾವ ಜಾಗವೂ ಕಾರವಾರದ ಒಂದೇ ಜಾಗದಿಂದ ಬಂದದ್ದಲ್ಲ. ಸುಂಕದಕಟ್ಟೆಯನ್ನೇ ತಗೊಳ್ಳಿ. ಅದರ ಗೋಡೆ ಮಿರ್ಜಾನ್ ಕೋಟೆಯದ್ದು, ಮೆಣಸಿನ ತಕ್ಕಡಿ ಗೇರುಸೊಪ್ಪೆಯದ್ದು, ಲೆಕ್ಕ ಬರೆಯುವ ಗುಮಾಸ್ತರು ಕಡವಾಡದ ಇಂಗ್ಲಿಷರದ್ದು. ಇದನ್ನು ಬಲಗಡೆಯ ಒಂದು ಸಾಲಿನಲ್ಲಿ ಏನಂತ ಬರೆಯಲಿ?

ಕೊನೆಗೆ ನಿಂತದ್ದು ಹೀಗೆ: ಜತೆಪುಸ್ತಕದಲ್ಲಿ ಕಿರುಕಾದಂಬರಿಯ ಮಾತು ಆದಷ್ಟೂ ಕಡಿಮೆ. ಅದು ಕಾರವಾರದ ಬಗೆಗಿನ ಪುಸ್ತಕ. ನಡೆದದ್ದನ್ನು ನಡೆದ ಹಾಗೆ, ಇಸವಿಯ ಸಮೇತ ಬರೆಯುವುದು. ಗೆರೆ ಎಳೆದು ಜೋಡಿಸುವುದು ಓದುಗರಿಗೆ ಬಿಟ್ಟದ್ದು. ಪ್ರಕಾಶಕರು ಒಂದು ನಿಮಿಷ ಸುಮ್ಮನಿದ್ದು, “ಹಾಗಾದರೆ ಹದಿನೈದು ದಿನದಲ್ಲಿ ಆಗೂದಿಲ್ಲ” ಅಂದರು. ಆಗಲಿಲ್ಲ.

ಮೊದಲು ಹಿಡಿದದ್ದು ಮುಂಬಯಿ ಪ್ರಾಂತದ ಗೆಜೆಟಿಯರ್‌ನ ಹದಿನೈದನೇ ಸಂಪುಟ. ಕೆನರಾ ಜಿಲ್ಲೆಗೆ ಮೀಸಲಾದ ಎರಡು ಭಾಗ, 1883ರಲ್ಲಿ ಅಚ್ಚಾದದ್ದು. ಕಥೆ ಬರೆಯುವಾಗ ಇದನ್ನು ಬೇಕೆಂದೇ ಮುಟ್ಟಿರಲಿಲ್ಲ. ಆಗ ಕೇಳಿದ್ದು, ಕಂಡದ್ದು, ಅಜ್ಜಿ ಹೇಳಿದ್ದು ಸಾಕಿತ್ತು. ಈಗ ಪುಟ ತಿರುಗಿಸುತ್ತಾ ಹೋದಂತೆ ಒಂದು ಮೋಜು ಕಾಣತೊಡಗಿತು. ಓದುಗರು “ಇದೊಂದು ಮಾತ್ರ ನಿಮ್ಮ ಕಲ್ಪನೆ, ಅದ್ಭುತ” ಅಂದಿದ್ದೆಲ್ಲ ಇಲ್ಲಿ ನಡೆದದ್ದೇ. ಅವರು ಗ್ಯಾರಂಟಿಯಾಗಿ ನಿಜ ಅಂದುಕೊಂಡದ್ದು ಮಾತ್ರ ನಾನು ಕಟ್ಟಿದ್ದು.

ಉದಾಹರಣೆಗೆ, ನನ್ನ ಕಥೆಯಲ್ಲಿ ಊರು ಜಾಗ ಬದಲಿಸುತ್ತದೆ. ಹೆಸರನ್ನು ಹೊತ್ತುಕೊಂಡು ಹೊಳೆಯ ದಂಡೆಯಿಂದ ಸಮುದ್ರದ ದಂಡೆಗೆ ಬಂದು ಕೂರುತ್ತದೆ. ಕುಮಟೆಯ ಹೈಸ್ಕೂಲು ಮಕ್ಕಳಿಗೆ ಬಹಳ ಇಷ್ಟವಾದ ಭಾಗ ಅದು. ಕಾರವಾರ ಮಾಡಿದ್ದೂ ಅದನ್ನೇ. ಹಳೇ ಕಾರವಾರ ಇದ್ದದ್ದು ಕಾಳಿ ನದಿಯ ದಂಡೆಯಲ್ಲಿ, ಈಗಿನ ಪೇಟೆಯಿಂದ ಮೂರು ಮೈಲಿ ಪೂರ್ವಕ್ಕೆ, ಕಡವಾಡದ ಬಳಿ. 1638ರಲ್ಲಿ ಕೋರ್ಟೀನ್ ಎಂಬುವನ ಇಂಗ್ಲಿಷ್ ವ್ಯಾಪಾರಿ ಕೂಟ ಇಲ್ಲಿ ಕೋಠಿ, ಅಂದರೆ ವ್ಯಾಪಾರದ ಮಳಿಗೆ, ತೆರೆಯಿತು. ಇಲ್ಲಿಂದ ಹಡಗು ಹತ್ತಿದ್ದು ಕಾಳುಮೆಣಸು ಮತ್ತು ನವಿರಾದ ಮಸ್ಲಿನ್ ಬಟ್ಟೆ. ಈಗ ನಾವು ಬಸ್ಸಿಳಿಯುವ, ಜಿಲ್ಲಾಧಿಕಾರಿ ಕಚೇರಿಯಿರುವ, ಸಂಜೆ ಕಡಲೆ ತಿನ್ನುತ್ತ ದಂಡೆಯಲ್ಲಿ ಕೂರುವ ಕಾರವಾರ ಆಗ ಮೀನುಗಾರರ ಹಳ್ಳಿ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ ಮೇಲೆ ಎದ್ದ ಪೇಟೆ ಇದು. ಹೆಸರು ಹಳೆಯದು, ಊರು ಹೊಸತು.

ಕಡವಾಡಕ್ಕೆ ಹೋದೆ. ಕೋಠಿಯ ಕುರುಹು ಹುಡುಕಿಕೊಂಡು ಹೋದವರಿಗೆ ಅಲ್ಲಿ ಸಿಗುವುದು ತೆಂಗಿನ ತೋಟ, ಗದ್ದೆ, ಹೊಳೆಯ ಅಂಚಿನ ಕಾಂಡ್ಲಾ (ಮ್ಯಾಂಗ್ರೋವ್) ಗಿಡ. ಕಿಲುಬು ಹಿಡಿದ ಫಿರಂಗಿಯೋ, ಪಾಯದ ಕಲ್ಲೋ ಸಿಗಬಹುದೆಂದು ಜತೆಗೆ ಬಂದಿದ್ದ ಚಿತ್ರಗಾರ್ತಿಗೆ ನಿರಾಸೆಯಾಯಿತು. ನನಗೆ ಆಗಲಿಲ್ಲ. ಏನೂ ಉಳಿಯದ ಜಾಗದ ಪುಟಕ್ಕೆ ಪಾಳುಗೋಡೆಯ ಚಿತ್ರ ಬರೆಸಿದರೆ ಅದೇ ದೊಡ್ಡ ಸುಳ್ಳು. ಆ ಪುಟದಲ್ಲಿ ಅವಳು ಕಾಂಡ್ಲಾ ಬೇರುಗಳನ್ನೇ ಬರೆದಳು, ಕೆಸರಿನ ಏಡಿಯ ಸಮೇತ.

ಇನ್ನೊಂದು ಇಂಥದ್ದೇ ರಶೀದಿಯ ಪ್ರಸಂಗ. ಕಥೆಯಲ್ಲಿ ದಂಡೆತ್ತಿ ಬಂದ ಸರದಾರನೊಬ್ಬ ಉಪ್ಪುಗೋಡಿಯನ್ನು ಸುಡುವುದಿಲ್ಲ. ಬಾಗಿಲಲ್ಲಿ ಕೂತು ಯಾರ್ಯಾರ ಪಾಲೆಷ್ಟು ಎಂದು ಲೆಕ್ಕ ಹಾಕಿ ವಸೂಲಿ ಮಾಡಿಕೊಂಡು ಹೋಗುತ್ತಾನೆ. “ಲೂಟಿಕೋರ ಇಷ್ಟು ಶಿಸ್ತಿನವನು ಇರ್ತಾನಾ?” ಎಂದು ವಿಮರ್ಶಕರೊಬ್ಬರು ನಗಾಡಿದ್ದರು. 1665ರಲ್ಲಿ ಶಿವಾಜಿ ಬಸರೂರಿನಿಂದ ಹಿಂತಿರುಗುವಾಗ ಗೋಕರ್ಣ, ಅಂಕೋಲೆಯ ಮೇಲೆ ಹಾದು ಕಾಳಿಯ ಬಾಯಿಗೆ ಬಂದ. ಊರು ಉಳಿಯಬೇಕಾದರೆ ಕಾಣಿಕೆ ಕೊಡಿ ಎಂದಾಯಿತು. ವರ್ತಕರೆಲ್ಲ ಸೇರಿ ಕೊಟ್ಟರು. ಅದರಲ್ಲಿ ಇಂಗ್ಲಿಷರ ಪಾಲು 112 ಪೌಂಡು. ಆ ಮೊತ್ತ ನಮಗೆ ಗೊತ್ತಿರುವುದು ಅವರ ಗುಮಾಸ್ತರು ಅದನ್ನೂ ಖರ್ಚಿನ ಬಾಬ್ತಿನಲ್ಲಿ ಬರೆದಿಟ್ಟದ್ದರಿಂದ. ಜತೆಪುಸ್ತಕದಲ್ಲಿ ಇದಕ್ಕೆ ಅರ್ಧ ಪುಟ ಕೊಟ್ಟೆ, ಯಾವ ವ್ಯಾಖ್ಯಾನವನ್ನೂ ಸೇರಿಸಲಿಲ್ಲ.

ಸದಾಶಿವಗಡದ್ದು ಬರೆಯುವುದು ಸುಲಭ ಅಂದುಕೊಂಡಿದ್ದರು ಎಲ್ಲರೂ. ಕಾಳಿಯ ಉತ್ತರ ದಂಡೆಯ ಗುಡ್ಡ, ಮೇಲಿನಿಂದ ನೋಡಿದರೆ ನದಿ, ಅಳಿವೆ, ದ್ವೀಪ ಎಲ್ಲವೂ ಒಂದೇ ನೋಟಕ್ಕೆ. ಪ್ರವಾಸಿಗಳು ಅದನ್ನು ಶಿವಾಜಿಯ ಕೋಟೆ ಎನ್ನುತ್ತಾರೆ. ಕಟ್ಟಿಸಿದ್ದು ಸೋಂದೆಯ ಅರಸು ಬಸವಲಿಂಗ, ತಂದೆ ಸದಾಶಿವನ ಹೆಸರಿನಲ್ಲಿ, ಹದಿನೆಂಟನೇ ಶತಮಾನದ ಮೊದಲ ದಶಕಗಳಲ್ಲಿ. ಹಳೇ ಕಾರವಾರದ ಕೋಟೆ ಕೆಡವಿದ ಮೇಲೆ ಎದ್ದದ್ದು ಇದು. 1752ರಲ್ಲಿ ಪೋರ್ಚುಗೀಸರು ಹಿಡಿದರು. ಮುಂದೆ ಹೈದರನ ಸೈನ್ಯ ಸೋಂದೆಯನ್ನು ಗೆದ್ದಾಗ ಅಲ್ಲಿನ ಅರಸುಮನೆತನ ಗೋವೆಗೆ ಹೋಗಿ ನೆಲೆ ನಿಂತಿತು.

ಇಲ್ಲಿ ನನಗೂ ಪ್ರಕಾಶಕರಿಗೂ ಸಣ್ಣ ಜಗಳವಾಯಿತು. ಸೋಂದೆ ಅಂದರೆ ಶಿರಸಿಯವರಿಗೆ ಮನೆಯ ಹಿತ್ತಿಲು. ಅರಸರ ಬಗ್ಗೆ, ವಾದಿರಾಜ ಮಠದ ಬಗ್ಗೆ, ಶಾಲ್ಮಲೆಯ ಹಾಸುಬಂಡೆಗಳಲ್ಲಿ ಕೆತ್ತಿದ ಸಹಸ್ರಲಿಂಗದ ಬಗ್ಗೆ ನಾಲ್ಕು ಪುಟ ಸೇರಿಸು ಅಂತ ಅವರ ಹಟ. ಸಹಸ್ರಲಿಂಗ ಯಾರಿಗೆ ಇಷ್ಟವಿಲ್ಲ? ಆದರೆ ನನ್ನ ಪುಸ್ತಕದ ಊರು ಹೊಳೆ ಸಮುದ್ರಕ್ಕೆ ಸೇರುವ ಜಾಗದ್ದು. ಘಟ್ಟದ ಮೇಲಿನ ಅರಸ ಕಡಲದಂಡೆಯಲ್ಲಿ ಕೋಟೆ ಯಾಕೆ ಕಟ್ಟಿದ ಎಂಬಷ್ಟಕ್ಕೇ ಸೋಂದೆ ಬೇಕು. ಅದಕ್ಕೆ ಉತ್ತರವೂ ಸಣ್ಣದು: ಮೆಣಸು ಬೆಳೆಯುವುದು ಮೇಲೆ, ಹಡಗು ನಿಲ್ಲುವುದು ಕೆಳಗೆ, ಸುಂಕ ಹುಟ್ಟುವುದು ನಡುವೆ. ನಾಲ್ಕು ಪುಟ ಒಂದೂವರೆ ಪುಟಕ್ಕೆ ಇಳಿಯಿತು.

ಈ ಮೇಲೆ ಕೆಳಗೆಯೇ ನಕಾಶೆಯನ್ನೂ ಬಿಡಿಸಿಕೊಟ್ಟಿತು. ಚಿತ್ರಗಾರ್ತಿ ಶಿರಸಿಯವಳು. ಮೊದಲ ನಕಾಶೆಗಳಲ್ಲಿ ಎಲ್ಲರಂತೆ ಉತ್ತರವನ್ನು ತಲೆಯ ಕಡೆ ಇಟ್ಟಿದ್ದಳು. ಸಮುದ್ರ ಎಡಗಡೆಯ ನೀಲಿ ಪಟ್ಟಿಯಾಗಿ ಬಿದ್ದುಕೊಂಡು, ಕಾಳಿ ಅಡ್ಡಡ್ಡ ಹರಿದು, ಎಲ್ಲ ಸರಿಯಿದ್ದೂ ನೋಡಿದರೆ ನಮ್ಮೂರು ಅನ್ನಿಸುತ್ತಿರಲಿಲ್ಲ. ಒಂದು ದಿನ ಅವಳೇ ಹಾಳೆ ತಿರುಗಿಸಿ ಇಟ್ಟಳು. ಪೂರ್ವ ಮೇಲೆ, ಪಶ್ಚಿಮ ಕೆಳಗೆ. ಘಟ್ಟ ಹಾಳೆಯ ತಲೆಯಲ್ಲಿ, ಕಡಲು ಕಾಲಡಿ.

“ನಾವು ಇಳಿದು ಬರೂದು ಹೀಂಗೇ ಅಲ್ದಾ ಅಕ್ಕಾ? ದೇವಿಮನೆ ಘಟ್ಟ ಇಳೀತಾ ಬಂದ್ರೆ ಸಮುದ್ರ ಕೆಳಗೇ ಇರ್ತದೆ” ಅಂದಳು.

ಆಮೇಲೆ ಕೈ ತಾನೇ ಓಡಿತು. ಕಾಳಿ ಹಾಳೆಯ ಮೇಲಿನಿಂದ ಕೆಳಕ್ಕೆ ಹರಿಯುತ್ತದೆ. ಎಡಕ್ಕೆ ಸದಾಶಿವಗಡ, ಬಲಕ್ಕೆ ಕೋಡಿಬಾಗ, ಪೇಟೆ, ಬೈತಖೋಲ. ಬುಡದಲ್ಲಿ ಕೂರ್ಮಗಡ, ದೇವಗಡದ ದೀಪಸ್ತಂಭ. ಹಾಳೆಯ ಒಂದು ಮುಖದಲ್ಲಿ ಕಾರವಾರ, ಅದರ ಬೆನ್ನಿಗೆ ಅದೇ ಅಳತೆಯಲ್ಲಿ ಉಪ್ಪುಗೋಡಿ. ಬೆಳಕಿಗೆ ಹಿಡಿದರೆ ಎರಡೂ ಒಂದರ ಮೇಲೊಂದು ಕಾಣಬೇಕೆಂದು ಅವಳ ಆಸೆಯಿತ್ತು. ಅದಕ್ಕೆ ಬೇಕಾದ ತೆಳು ಕಾಗದಕ್ಕೆ ಮುದ್ರಕರು ಹೇಳಿದ ದರ ಕೇಳಿ ಪ್ರಕಾಶಕರು ಮಾತೇ ಆಡಲಿಲ್ಲ. ಮಾಮೂಲಿ ಮ್ಯಾಪ್‌ಲಿಥೋ ಕಾಗದಕ್ಕೇ ಇಳಿದೆವು. ಪ್ರಖರ ಬಿಸಿಲಿಗೆ ಹಿಡಿದರೆ ಅಲ್ಪಸ್ವಲ್ಪ ಕಾಣುತ್ತದೆ.

ನಕಾಶೆಯಲ್ಲಿ ಕೆಲವು ಜಾಗ ನಾವಾಗಿಯೇ ಖಾಲಿ ಬಿಟ್ಟೆವು. ಬಿಣಗಾ, ಅರಗಾದ ಆಚೆ ಕಡಲದಂಡೆ ನೌಕಾನೆಲೆಯದ್ದು. 1986ರಲ್ಲಿ ಶಂಕುಸ್ಥಾಪನೆಯಾದ ಸೀಬರ್ಡ್ ಯೋಜನೆ, 2005ರಲ್ಲಿ ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ಸೇವೆಗೆ ಬಂತು. ಅದಕ್ಕಾಗಿ ಕಡಲದಂಡೆಯ ಹಳ್ಳಿಗಳೇ ಎದ್ದು ಹೆದ್ದಾರಿಯ ಈಚೆಗೆ ಬಂದವು. ಮೀನು ಹಿಡಿಯುತ್ತಿದ್ದವರು, ಗದ್ದೆ ಮಾಡುತ್ತಿದ್ದವರು, ದೇವರುಗಳ ಸಮೇತ. ನೆಲೆಯೊಳಗಿನ ಯಾವ ಕಟ್ಟಡವನ್ನೂ ನಾವು ಬರೆಯಲಿಲ್ಲ, ಬರೆಯುವುದು ತರವೂ ಅಲ್ಲ. ಹಳ್ಳಿಗಳ ಹೆಸರು ಮಾತ್ರ ಹಾಕಿದೆವು. ನೌಕಾಪಡೆಯ ಬಗ್ಗೆ ತಿಳಿಯಬೇಕೆನ್ನುವವರಿಗೆ ಟಾಗೋರ್ ಕಡಲತೀರದಲ್ಲಿ ನಿಲ್ಲಿಸಿದ ‘ಚಪಲ್’ ಕ್ಷಿಪಣಿ ದೋಣಿಯ ಸಂಗ್ರಹಾಲಯ ಇದ್ದೇ ಇದೆ. ಮಕ್ಕಳಿಗೆ ಅದರೊಳಗೆ ಹೊಕ್ಕು ಬರುವುದೆಂದರೆ ಹಬ್ಬ.

ಅಂಜದೀವ್ ದ್ವೀಪ ಇರುವುದೂ ಅದೇ ನೌಕಾನೆಲೆಯ ಆವರಣದಲ್ಲಿ, ಅಲೆತಡೆ ಗೋಡೆಯಿಂದ ದಂಡೆಗೆ ಜೋಡಿಸಿಕೊಂಡು. ಕಣ್ಣಳತೆಯಲ್ಲಿದ್ದರೂ ನಮ್ಮಂಥವರು ಹೋಗುವ ಹಾಗಿಲ್ಲ. ಕಾರವಾರದ ಮಗ್ಗುಲಲ್ಲೇ ಇದ್ದು ಲೆಕ್ಕದಲ್ಲಿ ಗೋವೆಗೆ ಸೇರಿದ ದ್ವೀಪ. ನನ್ನ ಕಥೆಯಲ್ಲಿ, ಇಳಿಯುವ ಅಪ್ಪಣೆ ಸಿಗದೆ ಕಾಯುತ್ತಾ ಕಾಯುತ್ತಾ ಕರಗಿಹೋಗುವ ಒಂದು ಸೈನ್ಯ ಬರುತ್ತದೆ. ಅದು ಈ ದ್ವೀಪದ ಮೇಲೆ ನಡೆದ ಸಂಗತಿಯ ನೆರಳು. ಪೋರ್ಚುಗಲ್ಲಿನ ರಾಜಕುಮಾರಿಯ ಮದುವೆಯಲ್ಲಿ ಮುಂಬಯಿಯನ್ನು ಇಂಗ್ಲೆಂಡಿನ ದೊರೆಗೆ ಬಳುವಳಿ ಕೊಟ್ಟರಲ್ಲ, ಅದನ್ನು ವಶಕ್ಕೆ ಪಡೆಯಲು 1662ರಲ್ಲಿ ಅಬ್ರಹಾಂ ಶಿಪ್‌ಮನ್ ಎಂಬವನ ಜತೆ ನಾನೂರಕ್ಕೂ ಹೆಚ್ಚು ಸೈನಿಕರು ಬಂದರು. ಮುಂಬಯಿಯ ಪೋರ್ಚುಗೀಸ್ ಅಧಿಕಾರಿಗಳು ಕಾಗದಪತ್ರ ಸರಿಯಿಲ್ಲ ಎಂದು ಬಿಟ್ಟುಕೊಡಲಿಲ್ಲ. ಹೋಗಲು ಜಾಗವಿಲ್ಲದೆ ಈ ಪಡೆ ಅಂಜದೀವ್‌ನಲ್ಲಿ ಕೂತಿತು. ಮಳೆ, ಜ್ವರ, ಹಸಿವು. ಶಿಪ್‌ಮನ್ 1664ರಲ್ಲಿ ಅಲ್ಲೇ ತೀರಿಕೊಂಡ. 1665ರಲ್ಲಿ ಕೊನೆಗೂ ಮುಂಬಯಿ ಕೈಗೆ ಬರುವಾಗ ಉಳಿದವರು ನೂರರ ಆಸುಪಾಸು. ಕಾಗದಪತ್ರದಿಂದ ಸತ್ತ ಸೈನ್ಯ. ಇದಕ್ಕೆ ನಾನು ಸೇರಿಸಿದ ಮಾಯ ತೀರಾ ಕಡಿಮೆ. ಈ ಪುಟಕ್ಕೆ ಚಿತ್ರಗಾರ್ತಿ ಬರೆದದ್ದು ದೂರದ ದಂಡೆಯಿಂದ ಕಾಣುವಷ್ಟೇ ಅಂಜದೀವ್, ಒಂದು ಕಪ್ಪು ಗೆರೆ.

ಉಬ್ಬರ ಇಳಿತದ ಪುಟ ಬರೆದಷ್ಟು ಖುಷಿಯಾಗಿ ಬೇರೆ ಯಾವುದನ್ನೂ ಬರೆಯಲಿಲ್ಲ. ಕಥೆಯಲ್ಲಿ ನೀರಡಿಯ ಪೇಟೆಯ ಗಂಟೆ ದಿನದಿನಕ್ಕೆ ತಡವಾಗಿ ಹೊಡೆಯುತ್ತದೆ. ಬೆಂಗಳೂರಿನ ಓದುಗರು ಅದನ್ನು ಮಂತ್ರ ಅಂದುಕೊಂಡರು. ದಂಡೆಯವರು ಮಾತ್ರ ತುಟಿಪಿಟಕ್ಕೆನ್ನದೆ ಓದಿಕೊಂಡು ಹೋದರು. ಅವರಿಗೆ ಅದರಲ್ಲಿ ಹೇಳುವಂಥದ್ದೇನಿದೆ? ಚಂದ್ರನ ಲೆಕ್ಕಕ್ಕೆ ದಿನಕ್ಕೆ ಸುಮಾರು ಐವತ್ತು ನಿಮಿಷ ಹಿಂದೆ ಬೀಳುತ್ತ ಹೋಗುತ್ತದೆ ಉಬ್ಬರ. ಅಮಾವಾಸ್ಯೆ ಹುಣ್ಣಿಮೆಗೆ ಏರಿಳಿತ ಹೆಚ್ಚು, ಅಷ್ಟಮಿಯ ಸುಮಾರಿಗೆ ಕಡಿಮೆ. ಕೋಡಿಬಾಗದ ಕಡೆ ಇಳಿತದ ಹೊತ್ತಿಗೆ ಹೆಂಗಸರು ಸೊಂಟದುದ್ದ ನೀರಿನಲ್ಲಿ ನಿಂತು ಕಾಲಲ್ಲೇ ತಡವಿ ಬಳಚು, ಅಂದರೆ ತಿನ್ನುವ ಚಿಪ್ಪುಜೀವಿ, ತೆಗೆಯುತ್ತಾರೆ. ಅವರ ಪೇಟೆ ನಿಜವಾಗಿ ನೀರಡಿಯಲ್ಲೇ ಇದೆ, ನೀರು ಏರುವುದರೊಳಗೆ ಬುಟ್ಟಿ ತುಂಬಬೇಕು. ನನ್ನ ಕಥೆಯ ಬೀಜ ಇದೇ ಎಂದು ಬರೆಯಬಹುದಿತ್ತು. ಅದು ಅರ್ಧ ಮಾತ್ರ.

ಇನ್ನರ್ಧ ಸೂಪಾ. ಅದನ್ನು ಬರೆಯಲು ಹಿಂದೆಮುಂದೆ ನೋಡಿದೆ.

ಕಾಳಿ ಹುಟ್ಟುವುದು ಜೋಯಿಡಾ ತಾಲೂಕಿನ ಡಿಗ್ಗಿಯಲ್ಲಿ. 184 ಕಿಲೋಮೀಟರ್ ಹರಿದು ಕಾರವಾರದಲ್ಲಿ ಕಡಲು ಸೇರುತ್ತದೆ, ಪೂರ್ತಿಯಾಗಿ ಒಂದೇ ಜಿಲ್ಲೆಯೊಳಗೆ. ಆ ಹಾದಿಯಲ್ಲೇ ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳು, ಕೈಗಾ ಅಣುಸ್ಥಾವರ. 101 ಮೀಟರ್ ಎತ್ತರದ ಸೂಪಾ ಅಣೆಕಟ್ಟಿನ ಹಿನ್ನೀರಿನಲ್ಲಿ ಸೂಪಾ ಎಂಬ ತಾಲೂಕು ಕೇಂದ್ರವೇ ಮುಳುಗಿತು. ಪೇಟೆ, ದೇವಸ್ಥಾನ, ಶಾಲೆ ಎಲ್ಲ. ಕಚೇರಿಗಳು ಜೋಯಿಡಾಕ್ಕೆ ಹೋದವು, ಜನ ಸಿಕ್ಕಲ್ಲಿ ಹಂಚಿಹೋದರು. ಇಲ್ಲಿ ಉತ್ಪಾದಿಸಿದ ಬೆಳಕು ರಾಜ್ಯವೆಲ್ಲ ಉರಿಯಿತು.

ಕಿರುಕಾದಂಬರಿಯಲ್ಲಿ ಮುಳುಗಿದ ಪೇಟೆ ದಿನಕ್ಕೆರಡು ಸಲ ಏಳುತ್ತದೆ, ದೀಪ ಹಚ್ಚುತ್ತದೆ, ಚಂದ ಕಾಣುತ್ತದೆ. ಊರು ಮುಳುಗಿಸಿ ಬೆರಗು ಹುಟ್ಟಿಸುವುದು ಬರೆಯುವವರಿಗೆ ಬಲು ಸಲೀಸು. ಸೂಪಾದಿಂದ ಎದ್ದು ಬಂದ ಮನೆತನದ ಹಿರಿಯರೊಬ್ಬರನ್ನು ಭೇಟಿಯಾಗಲು ಹೋಗಿದ್ದಾಗ ಅವರ ಸೊಸೆ ಪುಸ್ತಕ ಓದಿದ್ದರು. ಕೋಕಂ ಪಾನಕ ಕೊಟ್ಟು, ಎದುರಿಗೆ ಕೂತು, “ನಿಮ್ಮ ಕಥೆಯಲ್ಲಿ ಊರು ಮುಳುಗಿದ್ದು ಯಾರಿಂದ ಅಂತ ಎಲ್ಲೂ ಬರಲೇ ಇಲ್ಲ” ಎಂದರು. ಸಿಟ್ಟಿನಲ್ಲಿ ಹೇಳಿದ್ದಲ್ಲ. ಪುಟ ಬಿಟ್ಟುಹೋಗಿದೆಯೇನೋ ಅನ್ನುವ ಹಾಗೆ ಕೇಳಿದ್ದು. ಕಥೆಯಲ್ಲಿ ಅದು ಬರಬೇಕಿರಲಿಲ್ಲ ಎಂದೇ ನಾನು ಈಗಲೂ ಹೇಳುವವಳು. ಉಪ್ಪುಗೋಡಿಯ ಮುಳುಗಡೆಗೆ ಕಾರಣ ಹೇಳಿದರೆ ಆ ಹುಡುಗಿಯ ಕಳ್ಳತನಕ್ಕೆ ಅರ್ಥ ಉಳಿಯುವುದಿಲ್ಲ. ಆದರೆ ಜತೆಪುಸ್ತಕ ಯಾಕೆ ಬೇಕು ಎಂಬುದು ನನಗೆ ಅಲ್ಲಿ ಕೂತಾಗ ತಿಳಿಯಿತು. ಕಥೆ ಹೇಳದೆ ಬಿಟ್ಟ ಕಾರಣಗಳಿಗೆ ಅದು ಜಾಗ. ಸೂಪಾ ಅಧ್ಯಾಯ ಪುಸ್ತಕದಲ್ಲೇ ಉದ್ದದ್ದಾಯಿತು. ಆ ಹಿರಿಯರು ನೆಲದ ಮೇಲೆ ಬೆರಳಾಡಿಸಿ ತೋರಿಸಿದ ಪೇಟೆಬೀದಿಯ ಅಂಗಡಿಸಾಲನ್ನು ಚಿತ್ರಗಾರ್ತಿ ಹಾಗೇ ಬರೆದುಕೊಂಡಳು. ಯಾವ ಅಂಗಡಿಯ ಪಕ್ಕ ಯಾವುದು ಎಂಬುದರಲ್ಲಿ ಅವರಿಗೂ ಅವರ ತಮ್ಮನಿಗೂ ಇನ್ನೂ ಒಮ್ಮತವಿಲ್ಲ. ಹೀಗಾಗಿ ಎರಡು ನಕ್ಷೆ ಹಾಕಿದ್ದೇವೆ.

ಟಾಗೋರ್ ವಿಷಯಕ್ಕೆ ಅಷ್ಟು ಹೊತ್ತು ಬೇಡ, ಎಲ್ಲರಿಗೂ ಗೊತ್ತಿದ್ದದ್ದೇ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರು, ಐಸಿಎಸ್ ಪಾಸಾದ ಮೊದಲ ಭಾರತೀಯ. ತಮ್ಮ ಬಂದು ಉಳಿದಾಗ ಇಪ್ಪತ್ತೆರಡರ ಆಸುಪಾಸು. ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಬರೆದದ್ದು ಇಲ್ಲಿ. ಒಂದು ಬೆಳದಿಂಗಳ ಸಂಜೆ ಕಾಳಿಯಲ್ಲಿ ದೋಣಿಯಲ್ಲಿ ಹೋಗಿ, ದಾರಿಯಲ್ಲಿ ಗುಡ್ಡದ ಕೋಟೆ ನೋಡಿ, ರೈತರ ಮನೆಯಂಗಳದಲ್ಲಿ ಕೂತು ಊಟ ಮಾಡಿ, ಸರಿರಾತ್ರಿ ಅಳಿವೆಯಲ್ಲಿ ಇಳಿದು ಮರಳ ಮೇಲೆ ನಡೆದೇ ಮನೆಗೆ ಬಂದದ್ದನ್ನು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ನನ್ನ ಕಥೆಯ ಕವಿ ಅವರಲ್ಲ. ಆ ಕವಿ ಕುಡುಕ, ಸಾಲಗಾರ, ಪ್ರಾಸ ಬಾರದವ. ಇಷ್ಟು ಹೇಳಿದರೂ ಯಾರೂ ನಂಬುವುದಿಲ್ಲ, ಅದು ಬೇರೆ ಮಾತು.

ನಂಬದ ಇನ್ನೊಂದು ಸಂಗತಿ ರೈಲಿನದ್ದು. ಉಪ್ಪುಗೋಡಿಯಲ್ಲಿ ಹಳಿಯೇ ಇಲ್ಲದ ನಿಲ್ದಾಣವೊಂದಿದೆ, ಜನ ಟಿಕೆಟ್ ಹಿಡಿದು ತಲೆಮಾರುಗಟ್ಟಲೆ ಕಾಯುತ್ತಾರೆ. ಅಮೆರಿಕದ ಅಂತರ್ಯುದ್ಧದ ಕಾಲಕ್ಕೆ ಮ್ಯಾಂಚೆಸ್ಟರ್ ಗಿರಣಿಗಳಿಗೆ ಹತ್ತಿ ಸಾಲದಾದಾಗ ಧಾರವಾಡ ಸೀಮೆಯ ಹತ್ತಿಯನ್ನು ಕಾರವಾರ ಬಂದರಿನಿಂದ ಸಾಗಿಸುವ ಯೋಜನೆ ಎದ್ದಿತ್ತು. ಘಟ್ಟದ ರಸ್ತೆ ಆಯಿತು, ರೈಲಿನ ಮಾತೂ ಜೋರಾಗಿ ನಡೆಯಿತು. ಕೊನೆಗೆ ಹಳಿ ಹೋದದ್ದು ಗೋವೆಯ ಮರ್ಮಗೋವಾಕ್ಕೆ. ಹುಬ್ಬಳ್ಳಿ–ಅಂಕೋಲಾ ಮಾರ್ಗದ ಬೇಡಿಕೆ ಕಾಡು, ಕೋರ್ಟು, ಸಮಿತಿಗಳ ನಡುವೆ ಇವತ್ತಿಗೂ ಓಡಾಡುತ್ತಿದೆ. ನಮಗೆ ರೈಲು ಸಿಕ್ಕಿದ್ದು 1990ರ ದಶಕದಲ್ಲಿ, ಘಟ್ಟದ ಕಡೆಯಿಂದಲ್ಲ, ಕಡಲಗುಂಟ, ಕೊಂಕಣ ರೈಲ್ವೆಯ ರೂಪದಲ್ಲಿ. ಜತೆಪುಸ್ತಕದ ಈ ಪುಟವನ್ನು ಅಂಕೋಲೆಯ ನನ್ನ ಮಾವನೊಬ್ಬರು ಓದಿ, “ಇದ್ರಲ್ಲಿ ಕಥೆ ಯಾವ್ದು, ಸುದ್ದಿ ಯಾವ್ದು?” ಎಂದು ಕೇಳಿದರು. ಅವರು ಆ ರೈಲಿಗಾಗಿ ಮೆರವಣಿಗೆ ಹೋದವರು.

ಎಲ್ಲ ಪುಟ ಜೋಡಿಸಿ, ಐಎಸ್‌ಬಿಎನ್ ತಗೊಂಡು (ದುಡ್ಡು ಕೊಡಬೇಕಿಲ್ಲ, ರಾಜಾ ರಾಮಮೋಹನ್ ರಾಯ್ ಹೆಸರಿನ ರಾಷ್ಟ್ರೀಯ ಏಜೆನ್ಸಿಗೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿದರೆ ಸಾಕು), ಕರಡು ತಿದ್ದುವ ಹಂತಕ್ಕೆ ಬಂದಿದ್ದೆವು. 2024ರ ಆಗಸ್ಟ್ 7ರ ನಡುರಾತ್ರಿ ಕಾಳಿಯ ಹಳೇ ಸೇತುವೆ ಕುಸಿಯಿತು. ನಾಲ್ಕು ದಶಕ ಕೋಡಿಬಾಗ ಮತ್ತು ಸದಾಶಿವಗಡವನ್ನು ಹಿಡಿದಿದ್ದ ಸೇತುವೆ. ಮೇಲಿದ್ದ ಲಾರಿ ನೀರಿಗೆ ಬಿತ್ತು, ಚಾಲಕನನ್ನು ಜೀವಂತ ಮೇಲಕ್ಕೆತ್ತಿದರು. ಬೆಳಗಾಗುವುದರೊಳಗೆ ನನ್ನ ಫೋನಿಗೆ ಸಂದೇಶಗಳು. ಕಿರುಕಾದಂಬರಿಯ ಮೊದಲ ಸಾಲೇ ಉಪ್ಪುಗೋಡಿಗೆ ಸೇತುವೆ ನಿಲ್ಲುವುದಿಲ್ಲ ಎಂದಿದೆ. “ಭವಿಷ್ಯ ಬರೆದುಬಿಟ್ರಿ ನೀವು!” ಎಂದರು ಒಬ್ಬರು, ಹೊಗಳಿಕೆಯಾಗಿಯೇ. ಪ್ರಕಾಶಕರಿಗೂ ಆಸೆ ಹುಟ್ಟಿತು, ಹಿಂಬದಿ ರಕ್ಷಾಪುಟದ ಮೇಲೆ ಅದನ್ನು ಹಾಕುವಾ ಎಂದು. ಒಲ್ಲೆ ಎಂದೆ. ಉಪ್ಪುನೀರಿನಲ್ಲಿ ನಿಂತ ಹಳೇ ಸೇತುವೆ ಬಿದ್ದದ್ದಕ್ಕೆ ಶಾಪ, ಭವಿಷ್ಯ ಅಂತ ಬರೆದರೆ, ಯಾರು ಎಷ್ಟು ಸಲ ತಪಾಸಣೆ ಮಾಡಿದರು ಎಂಬ ಪ್ರಶ್ನೆ ಅಲ್ಲೇ ಸಾಯುತ್ತದೆ. ಈ ಊರಲ್ಲಿ ಅಂಥ ಪ್ರಶ್ನೆಗಳಿಗೆ ಮೊದಲೇ ಆಯುಷ್ಯ ಕಡಿಮೆ.

ಸೇತುವೆಯ ಪುಟ ಕಿತ್ತು ಹೊಸದಾಗಿ ಬರೆಯಬೇಕಾಯಿತು. ಹಳೇದರ ಪಕ್ಕ ಚತುಷ್ಪಥಕ್ಕೆಂದು ಕಟ್ಟಿದ ಸೇತುವೆ ಇತ್ತಾದ್ದರಿಂದ ಓಡಾಟ ಅದರ ಮೇಲೆ ಮುಂದುವರಿಯಿತು. ನನಗೆ ಬೇಕಾದದ್ದು ಸೇತುವೆಯ ಹಿಂದಿನ ಕಾಲ, ತಾರಿಯ ಕಾಲ. ಸದಾಶಿವಗಡದ ಕಡೆಯ ಒಬ್ಬ ಮುದುಕರು ಎಳೆಯ ವಯಸ್ಸಿನಲ್ಲಿ ದೋಣಿ ಹಾಕಿದವರು. ಅವರ ಮನೆಯ ಜಗುಲಿಯಲ್ಲಿ ಕೂತು ಕೇಳಿದೆ.

“ಅಜ್ಜಾ, ಮಳೆಗಾಲದಲ್ಲೂ ದಾಟಿಸ್ತಿದ್ರಾ?”

“ದಾಟಿಸ್ದೆ ಎಂತ ಮಾಡೂದು ತಂಗಿ? ಹೆರಿಗೆಗೆ ಮಳೆಗಾಲ ಬೇಸಿಗೆ ಅಂತ ಉಂಟಾ? ಭರ್ತಿ ಬಂತು ಅಂದ್ರೆ ಹೊಳೆ ಮೇಲಕ್ಕೆ ಎಳೀತದೆ, ಇಳಿತ ಆದ್ರೆ ಸಮುದ್ರಕ್ಕೆ ಎಳೀತದೆ. ಆಚೆ ದಂಡೆಗೆ ಹೋಗ್ಬೇಕಾದ್ರೆ ಆಚೆ ದಂಡೆ ನೋಡಿ ಹುಟ್ಟು ಹಾಕ್ಬಾರ್ದು. ಮೇಲೆ ಎಲ್ಲೋ ಒಂದು ಮರ ನೋಡ್ಬೇಕು. ಅಷ್ಟೊತ್ತಿಗೆ ಹೊಳೆಯೇ ಸರಿ ಜಾಗಕ್ಕೆ ತಂದು ಬಿಡ್ತದೆ.”

ಯಾವ ಮರ ಎಂದು ಕೇಳಿದೆ. ಹೆದ್ದಾರಿಗೆ ಹೋಯಿತು ಎಂದರು. ಬಾಡಿಗೆ ಎಷ್ಟಿತ್ತು, ಎಷ್ಟು ಜನ ಹಿಡಿಯುತ್ತಿತ್ತು, ಎಮ್ಮೆ ದಾಟಿಸುವುದು ಹೇಗೆ, ಮದುವೆ ದಿಬ್ಬಣ ಬಂದರೆ ಯಾರು ಮೊದಲು, ಎಲ್ಲ ಹೇಳಿದರು. ಎಮ್ಮೆ ದಾಟಿಸುವ ಭಾಗ ಕೇಳಿ ಚಿತ್ರಗಾರ್ತಿ ನಕ್ಕು ನಕ್ಕು ಪೆನ್ಸಿಲ್ ಬೀಳಿಸಿದಳು. ಈಗ ಸೇತುವೆಯ ಪುಟಕ್ಕೆ ತಾರಿಯ ಪುಟ ಎಂದೇ ಹೆಸರು, ಕುಸಿತದ ವಿವರ ಅದರ ಕೊನೆಯ ನಾಲ್ಕು ಸಾಲು.

ಅಚ್ಚಿಗೆ ಹೋಗುವಾಗ ಪುಸ್ತಕ ಅರವತ್ತನಾಲ್ಕು ಪುಟವಾಗಿತ್ತು. ಹದಿನಾರರ ನಾಲ್ಕು ಫಾರ್ಮು, ಒಂದು ಪುಟ ಹೆಚ್ಚಾದರೂ ಮುದ್ರಕರು ಒಪ್ಪರು. ಕೂರ್ಮಗಡದ ನರಸಿಂಹ ಜಾತ್ರೆಯ ಬರಹ ಇದರಿಂದಾಗಿಯೇ ಅರ್ಧಕ್ಕೆ ಇಳಿಯಿತು. ಪುಷ್ಯ ಹುಣ್ಣಿಮೆಗೆ ದೋಣಿಗಳೆಲ್ಲ ಸಿಂಗರಿಸಿಕೊಂಡು ದ್ವೀಪಕ್ಕೆ ಹೋಗುವುದನ್ನು ಒಂದು ಪುಟದಲ್ಲಿ ಮುಗಿಸಿದೆ ಎಂದು ಬೈತಖೋಲದ ಗೆಳತಿ ಇನ್ನೂ ಮುನಿಸಿಕೊಂಡಿದ್ದಾಳೆ. ಬೇಕಾದರೆ ಜನವರಿಯಲ್ಲಿ ಬಂದು ನೋಡಿಕೊಳ್ಳಿ ಎಂಬುದಷ್ಟೇ ನನ್ನ ಸಮಜಾಯಿಷಿ.

ಪುಸ್ತಕ ಬಂದ ಮೇಲೆ ಪ್ರಕಾಶಕರು ಬಯಸಿದ್ದೂ ಆಯಿತು, ಬಯಸದಿದ್ದದ್ದೂ ಆಯಿತು. ಕಿರುಕಾದಂಬರಿ ಕೊಂಡವರಿಗೆ ಉಚಿತ ಎಂದಿದ್ದ ಜತೆಪುಸ್ತಕವನ್ನು ಕೆಲವರು ಬಿಡಿಯಾಗಿ ಕೇಳತೊಡಗಿದರು. ಕಥೆ ಓದಿಲ್ಲ, ಓದುವ ಅಂದಾಜೂ ಇಲ್ಲ, ಸೂಪಾ ಪುಟ ಇದೆಯಂತಲ್ಲ, ಅದು ಬೇಕು. ಜೋಯಿಡಾದ ಒಬ್ಬರು ಇಪ್ಪತ್ತು ಪ್ರತಿ ತರಿಸಿಕೊಂಡರು. ಬಿಡಿಗೆ ದರ ಹಾಕುವುದೋ ಬೇಡವೋ ಎಂಬುದರ ಮೇಲೆ ನಾವಿನ್ನೂ ಚರ್ಚೆಯಲ್ಲಿದ್ದೇವೆ. ಅರವತ್ತು ರೂಪಾಯಿ ಎಂದು ಅವರು, ನಲವತ್ತು ಎಂದು ನಾನು. ಕೋಡಿಬಾಗದಿಂದ ಬಂದ ಪತ್ರದಲ್ಲಿ ಬಳಚಿನ ಹೆಂಗಸರಿಗೆ ಕೊಟ್ಟದ್ದು ಬರೀ ಐದು ಸಾಲು ಎಂಬ ಆಕ್ಷೇಪವಿದೆ. ಎಣಿಸಿದೆ, ಐದೇ. ಮುಂದಿನ ಮುದ್ರಣಕ್ಕೆ ಸೋಂದೆಯ ಒಂದೂವರೆ ಪುಟದಿಂದ ಅರ್ಧ ಕಿತ್ತು ಅವರಿಗೆ ಕೊಡುವುದೆಂದು ಇದ್ದೇನೆ. ಪ್ರಕಾಶಕರಿಗೆ ಇನ್ನೂ ಹೇಳಿಲ್ಲ.